ಪಿಸ್ತೂಲು ತೋಟಾ ಮನೆಯಲ್ಲೇ ಮರುತುಂಬುವುದು: ಮೊದಲ ಐವತ್ತು ತೋಟಾಗಳವರೆಗಿನ ಸಮಗ್ರ ಮಾರ್ಗದರ್ಶಿ

ಹಾರಿಸಿದ ಮೇಲೆ ತೋಟಾದಲ್ಲಿ ಉಳಿಯುವುದು ಹಿತ್ತಾಳೆಯ ಕೇಸ್ ಒಂದೇ. ಗುಂಡು ಹೋಯಿತು, ಮದ್ದು ಉರಿಯಿತು, ಮದ್ದಿಗೆ ಕಿಡಿ ಕೊಡುವ ಬುಡದ ಪುಟ್ಟ ಬಟ್ಟಲು, ಅಂದರೆ ಪ್ರೈಮರ್, ಸಿಡಿದು ಮುಗಿಯಿತು. ಆ ಕೇಸನ್ನು ಮತ್ತೆ ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ಮದ್ದು ಹಾಕಿ, ಗುಂಡು ಬಿಗಿಯುವುದೇ ರೀಲೋಡಿಂಗ್. ಕೈಕೆಲಸವಾಗಿ ಇದು ಕಷ್ಟದ್ದಲ್ಲ. ಕಷ್ಟವಿರುವುದು ಪ್ರತಿ ಕೇಸಿಗೂ ಒಂದೇ ಒಂದು ಅಳತೆ ಮದ್ದು ಬಿದ್ದಿದೆ ಎಂದು ಖಾತ್ರಿ ಮಾಡಿಕೊಳ್ಳುವುದರಲ್ಲಿ. ಮದ್ದು ಬೀಳದೇ ಹೋದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ; ಎರಡು ಸಲ ಬಿದ್ದರೆ ಪಿಸ್ತೂಲೇ ಒಡೆಯಬಹುದು. ಮುಂದೆ ಬರುವ ಹಂತಗಳನ್ನು ಈ ಕ್ರಮದಲ್ಲೇ ಮಾಡಿ ಎನ್ನುವುದಕ್ಕೆ ಮುಖ್ಯ ಕಾರಣ ಈ ಎರಡು ತಪ್ಪುಗಳು.

ಬಂದೂಕಿನ ಪರವಾನಗಿ ಇದ್ದಮಾತ್ರಕ್ಕೆ ತೋಟಾ ತುಂಬುವ ಹಕ್ಕು ಬಂತು ಎಂದಲ್ಲ. ಕೆಲವು ದೇಶಗಳಲ್ಲಿ ಇದು ಎಲ್ಲರೂ ಮಾಡುವ ಹವ್ಯಾಸ, ಕೆಲವೆಡೆ ಬೇರೆಯದೇ ಪರವಾನಗಿ ಬೇಕು, ಕೆಲವೆಡೆ ಅಪರಾಧ. ಮದ್ದು, ಪ್ರೈಮರ್ ಎಷ್ಟು ಇಟ್ಟುಕೊಳ್ಳಬಹುದು ಎಂಬುದಕ್ಕೂ ಮಿತಿ ಇರುತ್ತದೆ. ಇದನ್ನು ಲಿಖಿತವಾಗಿ ತಿಳಿದುಕೊಂಡ ಮೇಲೆಯೇ ಉಪಕರಣಕ್ಕೆ ಹಣ ಹಾಕಿ.

ಯಾವ ತೋಟಾದಿಂದ ಶುರು

ನಿಮ್ಮ ಬಳಿ ಇರುವ ಬಂದೂಕಿನ ತೋಟಾದಿಂದಲೇ ಶುರುಮಾಡುತ್ತೀರಿ, ಅದು ಸರಿ. ಆದರೆ ಒಂದೊಂದರ ಸ್ವಭಾವ ಒಂದೊಂದು.

9 ಮಿ.ಮೀ. ಲೂಗರ್ ಚಿಕ್ಕ ಕೇಸ್, ಹೆಚ್ಚು ಒತ್ತಡ. ಅಮೆರಿಕದ ಬಂದೂಕು, ತೋಟಾ ತಯಾರಕರ ಸಂಸ್ಥೆ ಸಾಮಿಯ (SAAMI) ಮಾನದಂಡದಲ್ಲಿ ಗರಿಷ್ಠ 35,000 ಪಿಎಸ್‌ಐ (ಒಂದು ಚದರ ಇಂಚಿಗೆ ಪೌಂಡ್ ಲೆಕ್ಕದ ಒತ್ತಡ). ಒಳಗೆ ಜಾಗ ಕಡಿಮೆ ಇರುವುದರಿಂದ ಗುಂಡು ಸ್ವಲ್ಪ ಆಳಕ್ಕೆ ಹೋದರೂ ಒತ್ತಡ ಏರುತ್ತದೆ. .38 ಸ್ಪೆಷಲ್ ಅದಕ್ಕೆ ತದ್ವಿರುದ್ಧ: 17,000 ಪಿಎಸ್‌ಐ, ದೊಡ್ಡ ಕೇಸ್. 19ನೇ ಶತಮಾನದ ಕೊನೆಯಲ್ಲಿ ಕಪ್ಪು ಮದ್ದಿನ ಕಾಲದ ಅಳತೆಯಲ್ಲಿ ಹುಟ್ಟಿದ ತೋಟಾ ಅದು. ಹೊಗೆರಹಿತ ಮದ್ದು ಅದರ ತಳದಲ್ಲಿ ಒಂದಿಷ್ಟು ಕೂರುತ್ತದೆ, ಉಳಿದದ್ದೆಲ್ಲ ಖಾಲಿ. ಕಲಿಯಲು ಇದು ಸುಲಭ, ಆದರೆ ಎರಡು ಅಳತೆ ಮದ್ದು ಬಿದ್ದರೂ ತುಳುಕುವುದಿಲ್ಲ, ಮೂರು ಬಿದ್ದರೂ ಹಿಡಿಸಬಹುದು. .45 ಎಸಿಪಿ 21,000 ಪಿಎಸ್‌ಐ. ದೊಡ್ಡ ಕೇಸ್, ದೊಡ್ಡ ಗುಂಡು, ಬೆರಳಿಗೆ ಚೆನ್ನಾಗಿ ಸಿಗುತ್ತದೆ. ಆಯ್ಕೆ ನಿಜಕ್ಕೂ ನಿಮ್ಮ ಕೈಯಲ್ಲಿದ್ದರೆ ಹೊಸಬರಿಗೆ .45 ಎಸಿಪಿ ಒಳ್ಳೆಯದು.

ಮೇಜಿನ ಮೇಲೆ ಏನೇನು ಬೇಕು

ಪ್ರೆಸ್: ಮೊದಲನೆಯದು ಸಿಂಗಲ್ ಸ್ಟೇಜ್ ಆಗಿರಲಿ. ಹಿಡಿಕೆ ಒಮ್ಮೆ ಎಳೆದರೆ ಒಂದು ಕೇಸಿಗೆ ಒಂದೇ ಕೆಲಸ ಆಗುವ ಯಂತ್ರ ಅದು. ಪ್ರೊಗ್ರೆಸಿವ್ ಪ್ರೆಸ್‌ನಲ್ಲಿ ಒಂದೇ ಎಳೆತಕ್ಕೆ ನಾಲ್ಕೈದು ಕೇಸ್‌ಗಳ ಮೇಲೆ ನಾಲ್ಕೈದು ಕೆಲಸ ನಡೆಯುತ್ತವೆ. ಗಂಟೆಗೆ ನೂರಾರು ತೋಟಾ ಬರುತ್ತದೆ ನಿಜ, ಆದರೆ ಯಾವ ಹಂತದಲ್ಲಿ ಏನು ತಪ್ಪಿತು ಎಂದು ಹೊಸಬರ ಕೈಗೆ ಗೊತ್ತಾಗುವುದಿಲ್ಲ. ಪ್ರೆಸ್ ಅನ್ನು ಅಲ್ಲಾಡದ ಮೇಜಿಗೆ ಬೋಲ್ಟ್ ಹಾಕಿ ಬಿಗಿಯಿರಿ. ಮೇಜು ಅಲ್ಲಾಡಿದರೆ ಕೇಸಿನಲ್ಲಿರುವ ಮದ್ದು ಚೆಲ್ಲುತ್ತದೆ.

ಡೈ ಸೆಟ್: ಡೈ ಎಂದರೆ ಪ್ರೆಸ್‌ಗೆ ತಿರುಗಿಸಿ ಹಾಕುವ ಅಚ್ಚು. ನಿಮ್ಮ ತೋಟಾದ ಅಳತೆಯದು (ಕ್ಯಾಲಿಬರ್), ಕಾರ್ಬೈಡ್ ಉಂಗುರವಿರುವುದು. ಕಾರ್ಬೈಡ್ ಆದರೆ ನೇರ ಗೋಡೆಯ ಪಿಸ್ತೂಲು ಕೇಸಿಗೆ ಎಣ್ಣೆ ಸವರಬೇಕಿಲ್ಲ. ನಾಲ್ಕು ಡೈಗಳ ಸೆಟ್ ತೆಗೆದುಕೊಂಡರೆ ಗುಂಡು ಕೂರಿಸುವುದಕ್ಕೂ ಕ್ರಿಂಪ್ ಮಾಡುವುದಕ್ಕೂ (ಕೇಸಿನ ಬಾಯಂಚನ್ನು ಗುಂಡಿನ ಸುತ್ತ ಒತ್ತುವುದು) ಬೇರೆಬೇರೆ ಡೈ ಸಿಗುತ್ತದೆ. ಜೊತೆಗೆ ಕೇಸಿನ ಬುಡಕ್ಕೆ ಹೊಂದುವ ಶೆಲ್ ಹೋಲ್ಡರ್.

ತಕ್ಕಡಿ: ಮದ್ದಿನ ತೂಕ ಗ್ರೇನ್ ಲೆಕ್ಕದಲ್ಲಿ. 1 ಗ್ರೇನ್ ಎಂದರೆ ಸುಮಾರು 64.8 ಮಿಲಿಗ್ರಾಂ, 1 ಗ್ರಾಂ ಎಂದರೆ 15.43 ಗ್ರೇನ್. ತಕ್ಕಡಿ 0.1 ಗ್ರೇನ್ ತೋರಿಸಬೇಕು. ಪರೀಕ್ಷಾ ತೂಕದ ಬಟ್ಟುಗಳೂ ಬೇಕು. ಗ್ರಾಂ ಮತ್ತು ಗ್ರೇನ್ ಎರಡನ್ನೂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿಯಾದರೆ ಪ್ರತಿ ಸಲ ಶುರುಮಾಡುವ ಮುನ್ನ ಯಾವ ಲೆಕ್ಕದಲ್ಲಿದೆ ನೋಡಿ.

ಇವುಗಳ ಜೊತೆಗೆ 0.01 ಮಿ.ಮೀ. ಓದುವ ಕ್ಯಾಲಿಪರ್, ಮದ್ದು ಅಳೆಯುವ ಡ್ರಮ್ ಮೆಷರ್, ಕೇಸ್ ನಿಲ್ಲಿಸಲು 50 ಗುಳಿಯ ಎರಡು ಲೋಡಿಂಗ್ ಬ್ಲಾಕ್, ಕೈಯಿಂದ ಒತ್ತುವ ಪ್ರೈಮಿಂಗ್ ಟೂಲ್, ತಪ್ಪಾದ ತೋಟಾ ಬಿಚ್ಚಲು ಬುಲೆಟ್ ಪುಲ್ಲರ್, ಸುರಕ್ಷಾ ಕನ್ನಡಕ, ಬಾಗಿಸಿದರೆ ಕೇಸಿನೊಳಕ್ಕೆ ಇಣುಕುವ ಸಣ್ಣ ಟಾರ್ಚ್. ಇದೆಲ್ಲಕ್ಕೂ ಮೊದಲು ಲೋಡ್ ಕೈಪಿಡಿ: ಮದ್ದು ತಯಾರಕರು ಅಥವಾ ಗುಂಡು ತಯಾರಕರು ಪರೀಕ್ಷಿಸಿ ಪ್ರಕಟಿಸಿದ ಅಂಕಿಅಂಶ. ಮದ್ದು ಇಷ್ಟು ಎಂಬ ಅಂಕಿ ಈ ಬರಹದಲ್ಲಿ ಎಲ್ಲೂ ಇಲ್ಲ, ಇರಬಾರದು. ಅದು ಕೈಪಿಡಿಯಿಂದಲೇ ಬರಬೇಕು. ಯಾರೋ ಹೇಳಿದ ಅಂಕಿ, ಚೀಟಿಯಲ್ಲಿ ಬರೆದುಕೊಟ್ಟ ಅಂಕಿ ಬೇಡ.

ಕೈಪಿಡಿ ಓದುವುದು ಹೇಗೆ

ಕೈಪಿಡಿಯ ಒಂದು ಸಾಲು ಎಂದರೆ ಒಂದು ಇಡೀ ಪಾಕ: ಈ ತೂಕದ, ಈ ಆಕಾರದ ಗುಂಡು, ಈ ಹೆಸರಿನ ಮದ್ದು, ಈ ಬಗೆಯ ಪ್ರೈಮರ್, ತೋಟಾದ ಒಟ್ಟು ಉದ್ದ ಇಷ್ಟು, ಆರಂಭದ ಅಳತೆ ಇಷ್ಟು, ಗರಿಷ್ಠ ಇಷ್ಟು. ಇದರಲ್ಲಿ ಒಂದನ್ನು ಬದಲಿಸಿದರೂ ಆ ಸಾಲು ನಿಮ್ಮದಲ್ಲ. 124 ಗ್ರೇನಿನ ಎರಡು ಗುಂಡುಗಳು ಒಂದೇ ತೂಕ ಇದ್ದರೂ, ಒಂದರ ಮೂತಿ ದುಂಡಗೆ, ಇನ್ನೊಂದರದು ಮೊಂಡಾಗಿದ್ದರೆ, ಗುಂಡುಗಳ ಉದ್ದ ಬೇರೆಬೇರೆ ಇರುತ್ತದೆ; ತೋಟಾದ ಒಂದೇ ಒಟ್ಟು ಉದ್ದಕ್ಕೆ ಕೂರಿಸಿದಾಗ ಹೆಚ್ಚು ಉದ್ದದ ಗುಂಡು ಕೇಸಿನೊಳಗೆ ಹೆಚ್ಚು ಆಳಕ್ಕೆ ಇಳಿದಿರುತ್ತದೆ. ಒಳಗಿನ ಜಾಗ ಕುಗ್ಗಿತು, ಒತ್ತಡ ಏರಿತು.

ಆರಂಭದ ಅಳತೆಯಿಂದಲೇ ಶುರುಮಾಡಿ. ಗರಿಷ್ಠ ಮಾತ್ರ ಕೊಟ್ಟಿದ್ದರೆ ಅದರಿಂದ ಶೇ. 10ರಷ್ಟು ಇಳಿಸಿಕೊಳ್ಳುವುದು ವಾಡಿಕೆ. ಹಾಗೆಂದು ಆರಂಭದ ಅಳತೆಗಿಂತ ಇನ್ನೂ ಕೆಳಗೆ ಹೋಗುವುದೂ ಸುರಕ್ಷಿತವಲ್ಲ. ಮದ್ದು ತೀರಾ ಕಡಿಮೆಯಾದರೆ ತಾಮ್ರದ ಕವಚದ ಗುಂಡು ನಳಿಗೆಯಲ್ಲೇ ನಿಂತುಬಿಡಬಹುದು.

ಮದ್ದು ಆರಿಸುವಾಗ ಒಂದು ಉಪಾಯ ಜೀವ ಉಳಿಸುತ್ತದೆ. ಕೈಪಿಡಿಯಲ್ಲಿ ನಿಮ್ಮ ತೋಟಾಕ್ಕೆ ಹೇಳಿರುವ ಮದ್ದುಗಳಲ್ಲಿ ಕೇಸಿನ ಅರ್ಧಕ್ಕಿಂತ ಹೆಚ್ಚು ತುಂಬುವ, ಗಾತ್ರದಲ್ಲಿ ದೊಡ್ಡ ಮದ್ದನ್ನು ಆರಿಸಿ. ತಪ್ಪಿ ಎರಡನೇ ಸಲ ಹಾಕಿದರೆ ಅದು ಕೇಸಿನಿಂದ ಹೊರಗೆ ಚೆಲ್ಲಿ ತಾನೇ ತೋರಿಸಿಕೊಡುತ್ತದೆ. ಕಡಿಮೆ ಅಳತೆ ಸಾಕಾಗುವ, ಬೇಗ ಉರಿಯುವ ಮದ್ದು ಉಳಿತಾಯದಂತೆ ಕಾಣಬಹುದು, ಮೊದಲ ವರ್ಷ ಅದರ ಆಸೆ ಬೇಡ.

ಹಂತ 1: ಕೇಸ್ ವಿಂಗಡಣೆ ಮತ್ತು ಶುಚಿ

ಕೇಸಿನೊಳಕ್ಕೆ ಟಾರ್ಚ್ ಹಿಡಿದು ನೋಡಿ. ತಳದ ನಡುವೆ ಒಂದೇ ರಂಧ್ರವಿದ್ದರೆ ಬಾಕ್ಸರ್ ಮಾದರಿ, ಇದನ್ನು ತುಂಬಬಹುದು. ಎರಡು ಸಣ್ಣ ರಂಧ್ರಗಳಿದ್ದರೆ ಬರ್ಡಾನ್, ಬದಿಗಿಡಿ; ಡೈಯ ಪಿನ್ ಮುರಿಯುತ್ತದೆ. ಉಕ್ಕಿನ, ಅಲ್ಯೂಮಿನಿಯಂ ಕೇಸ್‌ಗಳೂ ಬೇಡ. ಅಯಸ್ಕಾಂತ ಆಡಿಸಿದರೆ ಉಕ್ಕು ಅಂಟಿಕೊಂಡು ಬರುತ್ತದೆ. .45 ಎಸಿಪಿ ಆದರೆ ಪ್ರೈಮರ್ ಗುಳಿಯ ಅಳತೆಯನ್ನೂ ನೋಡಬೇಕು: ಹೆಚ್ಚಿನವು ದೊಡ್ಡ ಪ್ರೈಮರಿನವು (5.33 ಮಿ.ಮೀ.), ಕೆಲವು ಸಣ್ಣದರವು (4.45 ಮಿ.ಮೀ.). ಸಣ್ಣ ಗುಳಿಯಲ್ಲಿ ದೊಡ್ಡ ಪ್ರೈಮರ್ ಒತ್ತಿದರೆ ಜಜ್ಜಿಹೋಗಿ ಸಿಡಿಯಬಹುದು.

ಬಾಯಲ್ಲಿ ಸೀಳು, ಬುಡದಲ್ಲಿ ಉಬ್ಬು ಇರುವ ಕೇಸ್ ಎಸೆಯಿರಿ. ಕಣ್ಣಿಗೆ ಕಾಣದ ಸೀಳು ಕಿವಿಗೆ ಸಿಗುತ್ತದೆ: ಏಳೆಂಟು ಕೇಸ್ ಅಂಗೈಯಲ್ಲಿ ಕುಲುಕಿದಾಗ ಒಳ್ಳೆಯವು ಗೆಜ್ಜೆಯಂತೆ ಕಿಣಿಕಿಣಿ ಎನ್ನುತ್ತವೆ, ಸೀಳಿದ್ದು ಒಡಕು ಮಡಕೆಯಂತೆ ಬೊದ್ದು ದನಿ ಕೊಡುತ್ತದೆ.

ಮೆಕ್ಕೆಜೋಳದ ದಿಂಡಿನ ಪುಡಿ ಅಥವಾ ವಾಲ್‌ನಟ್ ಚಿಪ್ಪಿನ ಪುಡಿ ಹಾಕಿದ ಟಂಬ್ಲರ್‌ನಲ್ಲಿ (ಕೇಸ್‌ಗಳನ್ನು ಕುಲುಕಿ ಉಜ್ಜುವ ಯಂತ್ರ) ಒಂದೆರಡು ಗಂಟೆ ಓಡಿಸಿದರೆ ಸಾಕು. ಹೊಳಪು ಬೇಕಿಲ್ಲ, ಮಣ್ಣು ಮಸಿ ಹೋದರೆ ಆಯಿತು. ಈ ಪುಡಿಯ ಧೂಳಿನಲ್ಲಿ ಹಳೆ ಪ್ರೈಮರಿನ ಸೀಸ ಇರುತ್ತದೆ. ಟಂಬ್ಲರ್ ಅನ್ನು ಮನೆಯ ಹೊರಗೆ, ಮುಚ್ಚಳ ಹಾಕಿ ಓಡಿಸಿ. ಪುಡಿ ಜರಡಿ ಹಿಡಿಯುವಾಗ ಮಾಸ್ಕ್, ಕೈಗವಸು ಇರಲಿ. ಮಕ್ಕಳು, ಬಸುರಿಯರು ಆ ಜಾಗದಲ್ಲಿ ಇರಬಾರದು. ಮೇಜಿನ ಹತ್ತಿರ ತಿನ್ನುವುದು ಕುಡಿಯುವುದು ಬೇಡ, ಎದ್ದ ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ.

ಹಂತ 2: ಸೈಜಿಂಗ್, ಹಳೆ ಪ್ರೈಮರ್ ತೆಗೆಯುವುದು

ಶೆಲ್ ಹೋಲ್ಡರನ್ನು ಪೂರ್ತಿ ಮೇಲಕ್ಕೆತ್ತಿ ಸೈಜಿಂಗ್ ಡೈಯನ್ನು ಅದಕ್ಕೆ ತಗಲುವವರೆಗೆ ತಿರುಗಿಸಿ. ಕಾರ್ಬೈಡ್ ಡೈ ಆದರೆ ಕಾಗದದಷ್ಟು ಅಂತರ ಬಿಟ್ಟು ಲಾಕ್ ಮಾಡಿ. ಕಾರ್ಬೈಡ್ ಗಟ್ಟಿ, ಆದರೆ ಗಾಜಿನ ಹಾಗೆ ಪೆಡಸು, ಹೋಲ್ಡರ್ ಬಡಿದರೆ ಬಿರುಕು ಬಿಡುತ್ತದೆ. ಹಾರಿಸಿದಾಗ ಹಿಗ್ಗಿದ್ದ ಕೇಸ್ ಇಲ್ಲಿ ಮತ್ತೆ ಅಳತೆಗೆ ಬರುತ್ತದೆ, ಪಿನ್ ಹಳೆ ಪ್ರೈಮರನ್ನು ಕೆಳಕ್ಕೆ ತಳ್ಳುತ್ತದೆ. ನೇರ ಗೋಡೆಯ ಪಿಸ್ತೂಲು ಕೇಸ್ ಉದ್ದಕ್ಕೆ ಬೆಳೆಯುವುದು ಅಪರೂಪ. 9 ಮಿ.ಮೀ. ಕೇಸ್ 19.15 ಮಿ.ಮೀ. ದಾಟಬಾರದು ಎಂಬುದನ್ನು ನೆನಪಿಡಿ, ಕೆಲವನ್ನು ಅಳೆದು ನೋಡಿ, ಸಾಕು.

ಹಂತ 3: ಬಾಯಿ ಅಗಲಿಸುವುದು

ಗುಂಡಿನ ತಳ ಕೇಸಿನ ಬಾಯಲ್ಲಿ ತಾನೇ ನಿಲ್ಲುವಷ್ಟು ಮಾತ್ರ ಬಾಯಿ ಅರಳಬೇಕು. ಬೆರಳ ಉಗುರು ಹೊರಗಿನಿಂದ ಮೇಲಕ್ಕೆ ಎಳೆದರೆ ಅಂಚಿಗೆ ಸಿಕ್ಕಬೇಕು, ಕಣ್ಣಿಗೆ ಗಂಟೆಯ ಆಕಾರ ಕಾಣಬಾರದು. ಕಡಿಮೆಯಾದರೆ ಗುಂಡು ಓರೆಯಾಗಿ ಇಳಿದು ಸೀಸ ಕೆರೆದುಹೋಗುತ್ತದೆ, ಕೇಸ್ ಸುಕ್ಕಾಗುತ್ತದೆ. ಹೆಚ್ಚಾದರೆ ಹಿತ್ತಾಳೆ ಸವೆದು ನಾಲ್ಕೈದು ಬಾರಿಗೇ ಬಾಯಿ ಸೀಳುತ್ತದೆ.

ಹಂತ 4: ಪ್ರೈಮರ್

ಎಣ್ಣೆಗೈಯಲ್ಲಿ ಪ್ರೈಮರ್ ಮುಟ್ಟಬೇಡಿ. ಎಣ್ಣೆ ಒಳಗಿಳಿದರೆ ಕೆಲವು ಸಿಡಿಯುವುದಿಲ್ಲ. ಬೇಕಾದಷ್ಟನ್ನು ಮಾತ್ರ ಡಬ್ಬಿಯಿಂದ ತೆಗೆಯಿರಿ. ಪ್ರೈಮರುಗಳನ್ನು ಗಾಜಿನ ಬಾಟಲಿಗೆ ಸುರಿದಿಡುವುದು ಅತ್ಯಂತ ಅಪಾಯ: ಒಂದು ಸಿಡಿದರೆ ಎಲ್ಲವೂ ಒಟ್ಟಿಗೆ ಸಿಡಿಯುತ್ತವೆ.

ಪ್ರೈಮಿಂಗ್ ಟೂಲ್ ಒತ್ತಿದಾಗ ಮೊದಲು ಮೆತ್ತಗಿನ ತಡೆ ಸಿಗುತ್ತದೆ, ಪ್ರೈಮರ್ ಗುಳಿಯ ಗೋಡೆಗೆ ಉಜ್ಜುತ್ತಾ ಇಳಿಯುತ್ತಿದೆ ಎಂದರ್ಥ. ಆಮೇಲೆ ಒಂದು ಗಟ್ಟಿ ನಿಲುಗಡೆ; ಪ್ರೈಮರಿನೊಳಗಿನ ಪುಟ್ಟ ಲೋಹದ ಅಡಿಗಲ್ಲಿನ (ಆನ್ವಿಲ್) ಕಾಲುಗಳು ಗುಳಿಯ ತಳ ಮುಟ್ಟಿದವು. ಅಲ್ಲಿಗೆ ನಿಲ್ಲಿಸಿ. ಸರಿಯಾಗಿ ಕೂತ ಪ್ರೈಮರ್ ಕೇಸಿನ ಬುಡದ ಮಟ್ಟಕ್ಕಿಂತ 0.08ರಿಂದ 0.13 ಮಿ.ಮೀ. ಒಳಗಿರುತ್ತದೆ. ಪ್ರತಿ ಕೇಸಿನ ಬುಡದ ಮೇಲೂ ತೋರುಬೆರಳು ಆಡಿಸಿ. ಉಬ್ಬು ತಗಲಿದರೆ ಅದು ಕೂತಿಲ್ಲ. ಅಂಥದ್ದನ್ನು ಹಾರಿಸಿದಾಗ ಮೊದಲ ಏಟು ಪ್ರೈಮರನ್ನು ಕೂರಿಸುವುದಕ್ಕೇ ಖರ್ಚಾಗಿ ತೋಟಾ ಹಾರುವುದಿಲ್ಲ, ಎರಡನೇ ಏಟಿಗೆ ಹಾರುತ್ತದೆ. ರಿವಾಲ್ವರ್ ಆದರೆ ಸಿಲಿಂಡರ್ ಉಜ್ಜಿ ತಿರುಗದೆ ನಿಲ್ಲುತ್ತದೆ. ಸೇನೆಯ ಕೇಸ್‌ಗಳಲ್ಲಿ ಗುಳಿಯ ಅಂಚನ್ನು ಕ್ರಿಂಪ್ ಮಾಡಿರುತ್ತಾರೆ; ಪ್ರೈಮರ್ ಶುರುವಿನಲ್ಲೇ ಇಳಿಯಲೊಲ್ಲದಾದರೆ ಒತ್ತಬೇಡಿ, ಆ ಅಂಚು ಮೊದಲು ತೆಗೆಯಬೇಕು.

ಹಂತ 5: ಮದ್ದು

ಈ ಹಂತಕ್ಕೆ ಬೇರೆ ಹೊತ್ತನ್ನೇ ಇಟ್ಟುಕೊಳ್ಳಿ. ಟಿವಿ ಆರಿಸಿ, ಫೋನು ಇನ್ನೊಂದು ಕೋಣೆಯಲ್ಲಿರಲಿ. ಫ್ಯಾನ್ ಗಾಳಿಗೆ ತಕ್ಕಡಿ ಅಲುಗುತ್ತದೆ, ಅದನ್ನೂ ನಿಲ್ಲಿಸಿ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಬೇಕು, ಉಳಿದವು ಕಪಾಟಿನೊಳಗೆ. ಎರಡು ಬಗೆಯ ಮದ್ದು ಬೆರೆತರೆ, ಅಥವಾ ಮೆಷರ್‌ನಲ್ಲಿ ಉಳಿದದ್ದು ಯಾವುದು ಎಂದು ಮರೆತರೆ, ಅದನ್ನು ಬಳಸುವಂತಿಲ್ಲ. ಬಣ್ಣ, ಆಕಾರ ನೋಡಿ ಗುರುತಿಸುತ್ತೇನೆ ಎನ್ನುವುದು ಸಲ್ಲದು.

ಪರೀಕ್ಷಾ ಬಟ್ಟಿನಿಂದ ತಕ್ಕಡಿ ಸರಿಯಿದೆಯೇ ನೋಡಿ. ಡ್ರಮ್ ಮೆಷರ್ ಅಳೆಯುವುದು ಗಾತ್ರವನ್ನು, ತೂಕವನ್ನಲ್ಲ. ಆದ್ದರಿಂದ ಮೊದಲ ಹತ್ತು ಅಳತೆಯನ್ನು ಡಬ್ಬಿಗೇ ವಾಪಸು ಹಾಕಿ, ಮದ್ದು ಒಳಗೆ ಕೂತುಕೊಳ್ಳಲಿ. ಆಮೇಲೆ ಹತ್ತು ಅಳತೆ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ. ಒಂದೊಂದನ್ನು ತೂಗುವುದಕ್ಕಿಂತ ಇದು ನಂಬಿಕಸ್ಥ. ಚಕ್ಕೆ ಆಕಾರದ ಮದ್ದು ಡ್ರಮ್ಮಿನಲ್ಲಿ ಒಂದೇ ಸಮ ಬೀಳುವುದಿಲ್ಲ, ಉಂಡೆಯಾಕಾರದ್ದು ಚೆನ್ನಾಗಿ ಬೀಳುತ್ತದೆ. ಹಿಡಿಕೆಯನ್ನು ಪ್ರತಿ ಸಲವೂ ಒಂದೇ ವೇಗದಲ್ಲಿ, ಒಂದೇ ರೀತಿ ಎಳೆಯಿರಿ.

ಪ್ರೈಮರ್ ಕೂರಿಸಿದ ಕೇಸ್‌ಗಳನ್ನು ಬ್ಲಾಕಿನಲ್ಲಿ ಬಾಯಿ ಕೆಳಗಾಗಿ ಬೋರಲು ಇಡಿ. ಒಂದನ್ನು ಎತ್ತಿ, ಮದ್ದು ಹಾಕಿ, ಇನ್ನೊಂದು ಬ್ಲಾಕಿನಲ್ಲಿ ಬಾಯಿ ಮೇಲಾಗಿ ನಿಲ್ಲಿಸಿ. ಬೋರಲಿದ್ದ ಕೇಸಿನಲ್ಲಿ ಮೊದಲೇ ಮದ್ದು ಇರಲು ಸಾಧ್ಯವೇ ಇಲ್ಲವಲ್ಲ, ಹಾಗಾಗಿ ಎರಡನೇ ಸಲ ಬೀಳುವ ದಾರಿಯೇ ಮುಚ್ಚುತ್ತದೆ. ಪ್ರತಿ ಹತ್ತನೆಯದನ್ನು ತೂಗಿ. ಯಾರಾದರೂ ಕರೆದರೆ, ಬಾಗಿಲು ಬಡಿದರೆ, ಕೈಯಲ್ಲಿದ್ದ ಕೇಸಿನ ಮದ್ದನ್ನು ಸುರಿದು ಎದ್ದೇಳಿ. ಬಂದ ಮೇಲೆ ಹೊಸದಾಗಿ ಹಾಕಿ.

ಒಂದು ಅಳತೆಯ ಕೇಸ್‌ಗಳೆಲ್ಲ ತುಂಬಿದ ಮೇಲೆ ಬ್ಲಾಕನ್ನು ದೀಪದ ಕೆಳಗೆ ಇಟ್ಟು, ಟಾರ್ಚನ್ನು ಓರೆಯಾಗಿ ಹಿಡಿದು ಸಾಲು ಸಾಲಾಗಿ ಇಣುಕಿ. ಸಾಲು ಪುಟ್ಟ ಬಾವಿಗಳಲ್ಲಿ ನೀರು ಒಂದೇ ಮಟ್ಟದಲ್ಲಿ ನಿಂತಂತೆ ಮದ್ದು ಕಾಣಬೇಕು. ಒಂದರಲ್ಲಿ ತಳದ ಹಿತ್ತಾಳೆ ಮಿಂಚಿದರೆ ಅದು ಖಾಲಿ. ಒಂದರಲ್ಲಿ ಮಟ್ಟ ಮೇಲಿದ್ದರೆ ಸುರಿದು ಮತ್ತೆ ಹಾಕಿ. ಈ ಅರ್ಧ ನಿಮಿಷದ ನೋಟ ಬಿಟ್ಟು ಒಂದೇ ಒಂದು ಗುಂಡನ್ನೂ ಕೂರಿಸಬೇಡಿ.

ಚೆಲ್ಲಿದ ಮದ್ದನ್ನು ಬ್ರಶ್ಶಿನಿಂದ ಗುಡಿಸಿ ತೆಗೆಯಿರಿ. ವ್ಯಾಕ್ಯೂಮ್ ಕ್ಲೀನರ್ ಮೋಟಾರಿನ ಕಿಡಿಗೆ ಅದು ಹೊತ್ತಿಕೊಳ್ಳಬಹುದು.

ಹಂತ 6: ಗುಂಡು ಕೂರಿಸುವುದು

ಸೀಟಿಂಗ್ ಡೈಯ ಕಡ್ಡಿಯನ್ನು ಮೇಲಕ್ಕೆ ಬಿಟ್ಟು, ಸ್ವಲ್ಪ ಸ್ವಲ್ಪ ಇಳಿಸುತ್ತಾ ಪ್ರತಿ ಸಲ ಕ್ಯಾಲಿಪರ್‌ನಿಂದ ಒಟ್ಟು ಉದ್ದ ಅಳೆಯಿರಿ. ಇಳಿಸುವುದು ಸುಲಭ, ಆಳಕ್ಕಿಳಿದದ್ದನ್ನು ಮೇಲೆತ್ತುವುದು ಕಷ್ಟ. ಮದ್ದು, ಪ್ರೈಮರ್ ಇಲ್ಲದ ಎರಡು ಡಮ್ಮಿ ತೋಟಾಗಳಲ್ಲಿ ಈ ಹೊಂದಾಣಿಕೆ ಮಾಡಿಕೊಳ್ಳಿ. 9 ಮಿ.ಮೀ.ಗೆ ಒಟ್ಟು ಉದ್ದದ ಗರಿಷ್ಠ ಮಿತಿ 29.69 ಮಿ.ಮೀ., .45 ಎಸಿಪಿಗೆ 32.39, .38 ಸ್ಪೆಷಲ್‌ಗೆ 39.37. ಇವು ಮೇಲ್ಮಿತಿಗಳಷ್ಟೆ, ನಿಮ್ಮ ಗುಂಡಿಗೆ ಬೇಕಾದ ಉದ್ದ ಕೈಪಿಡಿಯ ಆ ಸಾಲಿನಲ್ಲೇ ಇರುತ್ತದೆ.

ಡಮ್ಮಿಯನ್ನು ಪಿಸ್ತೂಲಿನಿಂದ ಬಿಚ್ಚಿದ ನಳಿಗೆಗೆ ಹಾಕಿ ನೋಡಿ. ಬೆರಳು ಬಿಟ್ಟ ಕೂಡಲೇ 'ಟಕ್' ಎಂದು ಬೀಳಬೇಕು, ಬೆರಳಿನಿಂದ ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ನಳಿಗೆ ಬೋರಲು ಮಾಡಿದರೆ ತನ್ನ ಭಾರಕ್ಕೇ ಹೊರಬೀಳಬೇಕು. ತಿರುಗದಿದ್ದರೆ ಗುಂಡು ನಳಿಗೆಯ ಗೆರೆಗಳಿಗೆ ತಾಗುತ್ತಿದೆ, ಉದ್ದ ಕಡಿಮೆ ಮಾಡಬೇಕು. ಆಗ ಜಾಗವೂ ಕುಗ್ಗುವುದರಿಂದ ಮದ್ದಿನ ಅಳತೆ ಆರಂಭದ ಅಂಕಿಯಲ್ಲೇ ಇರಲಿ. ಆ ಉದ್ದ ಕೈಪಿಡಿ ಹೇಳಿದ್ದಕ್ಕಿಂತಲೂ ಕೆಳಗೆ ಹೋಗಬೇಕಾಗಿ ಬಂದರೆ ಆ ಗುಂಡು ನಿಮ್ಮ ನಳಿಗೆಗಲ್ಲ, ಬೇರೆ ಆಕಾರದ್ದನ್ನು ಆರಿಸಿ.

ಹಂತ 7: ಕ್ರಿಂಪ್

ಹೊಸಬರು ಅತಿಮಾಡುವುದು ಇಲ್ಲೇ. ಸೆಮಿ ಆಟೊಮ್ಯಾಟಿಕ್ ತೋಟಾದಲ್ಲಿ ಕ್ರಿಂಪ್‌ನ ಕೆಲಸ ಅರಳಿಸಿದ ಬಾಯನ್ನು ಮತ್ತೆ ನೇರ ಮಾಡುವುದು ಮಾತ್ರ. 9 ಮಿ.ಮೀ. ತೋಟಾ ಚೇಂಬರಿನಲ್ಲಿ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗ) ನಿಲ್ಲುವುದು ಕೇಸಿನ ಬಾಯಂಚಿನ ಆಧಾರದ ಮೇಲೆ. ಆ ಅಂಚನ್ನು ಒಳಕ್ಕೆ ಮಡಿಸಿಬಿಟ್ಟರೆ ತೋಟಾ ಒಳಗೆ ಜಾರುತ್ತದೆ. ಬಾಯಿಯ ಹೊರವ್ಯಾಸ 9.60ರಿಂದ 9.65 ಮಿ.ಮೀ. ಒಳಗೆ ಬಂದರೆ ಸಾಕು. ಜೋರಾಗಿ ಕ್ರಿಂಪ್ ಮಾಡಿದರೆ ಗುಂಡು ಇನ್ನೂ ಬಿಗಿಯಾಗುತ್ತದೆ ಎಂಬುದು ತಪ್ಪು: ಒತ್ತಿದ ಹಿತ್ತಾಳೆ ಕೊಂಚ ಹಿಂದಕ್ಕೆ ಪುಟಿಯುತ್ತದೆ, ಒಳಗಿನ ಸೀಸ ಪುಟಿಯುವುದಿಲ್ಲ, ನಡುವೆ ಸಡಿಲ ಉಳಿಯುತ್ತದೆ. ಗುಂಡನ್ನು ಹಿಡಿದಿಡುವುದು ಸೈಜಿಂಗ್‌ನಲ್ಲಿ ಸಿಕ್ಕ ಬಿಗಿ.

ಪರೀಕ್ಷೆ ಸುಲಭ. ಡಮ್ಮಿ ತೋಟಾದ ಉದ್ದ ಅಳೆದು, ಅದರ ಮೂತಿಯನ್ನು ಮರದ ಮೇಜಿಗೆ ಹೆಬ್ಬೆರಳಿನಿಂದ ಬಲವಾಗಿ ಒತ್ತಿ, ಮತ್ತೆ ಅಳೆಯಿರಿ. ಉದ್ದ ಕಡಿಮೆಯಾದರೆ ಗುಂಡು ಒಳಕ್ಕೆ ಜಾರುತ್ತಿದೆ ಎಂದರ್ಥ. ಪಿಸ್ತೂಲಿನಲ್ಲಿ ತೋಟಾ ಚೇಂಬರಿಗೆ ಬಡಿದಾಗಲೂ ಇದೇ ಆಗುತ್ತದೆ, ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು.

ರಿವಾಲ್ವರಿನದು ಬೇರೆ ಕಥೆ. ಅಲ್ಲಿ ತೋಟಾ ನಿಲ್ಲುವುದು ಬುಡದ ಅಂಚಿನ ಮೇಲೆ, ಆದ್ದರಿಂದ ಬಾಯನ್ನು ಗುಂಡಿನ ಗೀರಿನೊಳಕ್ಕೆ ಮಡಿಸುವ ರೋಲ್ ಕ್ರಿಂಪ್ ಹಾಕಬಹುದು, ಹಾಕಬೇಕು. ಇಲ್ಲದಿದ್ದರೆ ಹಾರಿಸಿದಾಗಿನ ಒದೆತಕ್ಕೆ ಉಳಿದ ತೋಟಾಗಳ ಗುಂಡು ಮುಂದಕ್ಕೆ ಜಾರಿ ಸಿಲಿಂಡರ್ ತಿರುಗದಂತೆ ಸಿಕ್ಕಿಕೊಳ್ಳುತ್ತದೆ.

ಮೊದಲ ಹಾರಿಕೆ

ಐವತ್ತನ್ನೂ ಒಂದೇ ಅಳತೆಯಲ್ಲಿ ತುಂಬಬೇಡಿ. ಮೊದಲು ಆರಂಭದ ಅಳತೆಯಲ್ಲಿ ಹತ್ತು. ಅವು ಸರಿಯಾದರೆ 0.1 ಅಥವಾ 0.2 ಗ್ರೇನ್ ಏರಿಸಿ ಐದೈದು. ಪಿಸ್ತೂಲು ಕೇಸನ್ನು ಹೊರಗೆಸೆದು ಮುಂದಿನದನ್ನು ತಾನೇ ತುಂಬಿಕೊಳ್ಳುತ್ತಿದ್ದರೆ, ಗುರಿಯಲ್ಲಿ ಗುಂಡುಗಳು ಒತ್ತಾಗಿ ಬೀಳುತ್ತಿದ್ದರೆ ಅಲ್ಲೇ ನಿಲ್ಲಿ. ಗರಿಷ್ಠ ಮುಟ್ಟಬೇಕೆಂಬ ನಿಯಮವಿಲ್ಲ. ಪ್ರೈಮರ್ ಚಪ್ಪಟೆಯಾಗಿದೆಯೇ ಎಂದು ನೋಡಿ ಒತ್ತಡ ಊಹಿಸುವ ಪದ್ಧತಿ ಪಿಸ್ತೂಲು ತೋಟಾದಲ್ಲಿ ನಂಬುವಂಥದ್ದಲ್ಲ. ಗುರುತು ಕಾಣಿಸುವ ಹೊತ್ತಿಗೆ ಮಿತಿ ದಾಟಿ ಹೋಗಿರಬಹುದು. ವೇಗ ಅಳೆಯುವ ಕ್ರೋನೋಗ್ರಾಫ್ ಸಿಕ್ಕರೆ ಬಳಸಿ: ಕೈಪಿಡಿಯಲ್ಲಿ ಗರಿಷ್ಠ ಅಳತೆಗೆ ಹೇಳಿದ ವೇಗ ನಿಮಗೆ ಕಡಿಮೆ ಅಳತೆಯಲ್ಲೇ ಬಂದರೆ ಏರಿಸುವುದನ್ನು ನಿಲ್ಲಿಸಿ.

ಹಾರಿಸುವಾಗ ಕಿವಿರಕ್ಷಕದ ಒಳಗೂ ದನಿಯ ಮೇಲೆ ಗಮನವಿರಲಿ. 'ಢಂ' ಬದಲು 'ಠುಸ್' ಎಂದರೆ, ಒದೆತ ಇಲ್ಲವೆನಿಸಿದರೆ, ಆ ಕ್ಷಣವೇ ನಿಲ್ಲಿಸಿ. ಮದ್ದಿಲ್ಲದ ತೋಟಾದಲ್ಲಿ ಪ್ರೈಮರ್ ಒಂದೇ ಗುಂಡನ್ನು ನಳಿಗೆಯೊಳಕ್ಕೆ ತಳ್ಳಿ ನಿಲ್ಲಿಸಬಲ್ಲದು. ಅದರ ಹಿಂದೆ ಇನ್ನೊಂದು ಗುಂಡು ಬಂದರೆ ನಳಿಗೆ ಉಬ್ಬುತ್ತದೆ ಇಲ್ಲವೇ ಒಡೆಯುತ್ತದೆ. ಮೂತಿಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ಆಮೇಲೆ ಪೂರ್ತಿ ಖಾಲಿ ಮಾಡಿ, ನಳಿಗೆ ಬಿಚ್ಚಿ, ಬೆಳಕಿಗೆ ಹಿಡಿದು ಆರಪಾರ ಕಾಣುತ್ತದೆಯೇ ನೋಡಿ. ರಿವಾಲ್ವರ್ ಆದರೆ ಸಿಲಿಂಡರ್ ತೆರೆದು ನಳಿಗೆಯಲ್ಲಿ ಕಡ್ಡಿ ತೂರಿಸಿ ನೋಡಿ. ಸಿಲಿಂಡರ್ ತೆರೆಯಲೊಲ್ಲದಿದ್ದರೆ ಗುಂಡು ನಡುವಿನ ಸಂದಿಯಲ್ಲಿ ಸಿಕ್ಕಿರಬಹುದು, ಬಲವಂತ ಮಾಡದೆ ಬಂದೂಕು ರಿಪೇರಿಯವರಿಗೆ ಒಪ್ಪಿಸಿ.

ಡಬ್ಬಿಯ ಮೇಲೆ ಬರೆಯಬೇಕಾದದ್ದು

ತೋಟಾದ ಹೆಸರು, ಗುಂಡಿನ ತೂಕ ಮತ್ತು ಆಕಾರ, ಮದ್ದಿನ ಹೆಸರು ಮತ್ತು ಅಳತೆ, ಪ್ರೈಮರ್, ಒಟ್ಟು ಉದ್ದ, ತುಂಬಿದ ತಾರೀಕು. ಚೀಟಿಯಿಲ್ಲದ ಡಬ್ಬಿಯ ತೋಟಾವನ್ನು ಹಾರಿಸುವಂತಿಲ್ಲ, ಪುಲ್ಲರ್‌ನಲ್ಲಿ ಬಿಚ್ಚಬೇಕು. ಮದ್ದು ತಯಾರಕರ ಮೂಲ ಡಬ್ಬಿಯಲ್ಲೇ, ತಂಪಾದ ಒಣ ಜಾಗದಲ್ಲಿ, ಬೀಗದೊಳಗೆ ಇರಲಿ. ಮುಚ್ಚಳ ತೆರೆದಾಗ ಮೂಗಿಗೆ ಚುಚ್ಚುವ ಹುಳಿಘಾಟು ಬಂದರೆ, ಕೆಂಪುಕಂದು ಹೊಗೆ ಅಥವಾ ಧೂಳು ಕಂಡರೆ ಮದ್ದು ಕೊಳೆಯುತ್ತಿದೆ; ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ತಯಾರಕರು ಹೇಳಿದ ರೀತಿಯಲ್ಲಿ ವಿಲೇವಾರಿ ಮಾಡಿ. ಪ್ರೈಮರುಗಳು ಅವುಗಳ ಮೂಲ ಪೆಟ್ಟಿಗೆಯಲ್ಲಿ, ಮದ್ದಿನಿಂದ ದೂರ, ಬೇರೆ ಕಪಾಟಿನಲ್ಲಿ.